ಮಗ ಚರ್ಚಿನ ಸಭೆಗೆ ಬರಲು ಒಪ್ಪದಿದ್ದರೆ ಅದು ತಂದೆತಾಯಿಯ ಸೋಲೇ?

ಅಲ್ಲ. ಸಿಂಧನೂರಿನಿಂದ ನೀವು ಬರೆದಂತೆ, ಹದಿನಾರು ವರ್ಷದ ಮಗ ಭಾನುವಾರದ ಆರಾಧನೆಗೆ ಬರಲೊಪ್ಪದೆ ಮಾತಿಗೆ ಮಾತು ಬೆಳೆಸುತ್ತಿರುವುದು ನಿಮ್ಮ ಪಾಲನೆ ವಿಫಲವಾಯಿತೆಂಬುದಕ್ಕೆ ಸಾಕ್ಷಿಯಲ್ಲ. ನಿಮ್ಮನ್ನು ಕುಗ್ಗಿಸಿರುವ ಬೈಬಲಿನ ಜ್ಞಾನೋಕ್ತಿ 22:6, ಅಂದರೆ ನಡೆಯಬೇಕಾದ ಮಾರ್ಗಕ್ಕೆ ತಕ್ಕಂತೆ ತಿದ್ದಿದ ಹುಡುಗ ಮುಪ್ಪಿನಲ್ಲೂ ಓರೆಯಾಗನು ಎಂಬ ಮಾತು, ಗಾದೆಯ ರೀತಿಯದು. ಗಾದೆ ಸಾಮಾನ್ಯವಾಗಿ ನಡೆಯುವುದನ್ನು ಹೇಳುತ್ತದೆಯೇ ಹೊರತು ಪ್ರತಿ ಮನೆಗೂ ಬರೆದುಕೊಟ್ಟ ಕರಾರುಪತ್ರವಲ್ಲ. (ಅಲ್ಲಿ ಮುಪ್ಪು ಎಂದಿದೆ, ಹದಿನಾರು ಎಂದಿಲ್ಲ.) ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ತಾನು ಹೇಳುವ ಕಥೆಯ ತಂದೆಯಲ್ಲಿ ಯೇಸು ಯಾವ ಕುಂದನ್ನೂ ಹೇಳುವುದಿಲ್ಲ, ಆದರೂ ಕಿರಿಯ ಮಗ ಪಾಲು ಕೇಳಿ ಪಡೆದು ದೂರ ದೇಶಕ್ಕೆ ಹೋದ.

ಕಾರಣವನ್ನು ಮಾರ್ಕ 4:26-29ರಲ್ಲಿ ಯೇಸು ಹೇಳಿದ ಸಾಮ್ಯ (ದೃಷ್ಟಾಂತ ಕಥೆ) ತಿಳಿಸುತ್ತದೆ: ಬಿತ್ತುವುದು ಮನುಷ್ಯನ ಕೆಲಸ, ಮೊಳೆಯುವುದು ಅವನ ಕೈಯಲ್ಲಿಲ್ಲ, ಹೇಗೆ ಮೊಳೆಯಿತೆಂಬುದೂ ಅವನಿಗೆ ತಿಳಿಯದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ನಾಟಿ ಮಾಡುವ ನಿಮ್ಮೂರಿನವರಿಗೆ ಇದನ್ನು ವಿವರಿಸಬೇಕಿಲ್ಲ. ಸಸಿ ಬೇರು ಬಿಟ್ಟಿದೆಯೇ ಎಂದು ದಿನವೂ ಕಿತ್ತು ನೋಡುವವರು ಯಾರೂ ಇಲ್ಲ. ಹಾಗೆ ಕಿತ್ತು ನೋಡುವುದನ್ನೇ, ನನ್ನ ಅಭಿಪ್ರಾಯದಲ್ಲಿ, ಕೊಲೊಸ್ಸೆ 3:21 ತಡೆಯುತ್ತದೆ: ಕೆಣಕಿದರೆ ಮಕ್ಕಳ ಮನಸ್ಸು ಕುಂದುತ್ತದೆ ಎಂದು ಅಪೊಸ್ತಲ ಪೌಲನು ಕೊಲೊಸ್ಸೆಯ ಸಭೆಗೆ ಬರೆದ ಪತ್ರದಲ್ಲಿ ತಂದೆಗಳಿಗೆ ಹೇಳಿದ.

ಆದ್ದರಿಂದ ಒತ್ತಾಯ ನಿಲ್ಲಿಸಿ. ರಾತ್ರಿಯ ಕುಟುಂಬ ಪ್ರಾರ್ಥನೆಯನ್ನು ಮಾತ್ರ ನಿಲ್ಲಿಸಬೇಡಿ. ಅವನು ಚಾಪೆಯ ಮೇಲೆ ಕೂರದೆ ಹೊಸ್ತಿಲಲ್ಲಿ ಮೊಬೈಲ್ ಹಿಡಿದು ನಿಂತಿದ್ದರೂ ಅವನ ಹೆಸರೆತ್ತಿ ಪ್ರಾರ್ಥಿಸಿ, ಮುಗಿದ ಮೇಲೆ ರೊಟ್ಟಿ ಬಡಿಸುತ್ತ ಪರೀಕ್ಷೆಯ ಬಗ್ಗೆ ಕೇಳಿ.