ಜೋಕರ್‌ನ ಮಾತನ್ನು ಎಷ್ಟು ನಂಬಬೇಕು?

ಮಾನ್ಯರೇ,

ಬ್ಯಾಟ್‌ಮ್ಯಾನ್ ಮತ್ತು ಅವನ ಕಡುವೈರಿ ಜೋಕರ್‌ನ ಕಥೆ ಹೇಳುವ ಕಾಮಿಕ್ಸ್ ‘ದಿ ಕಿಲ್ಲಿಂಗ್ ಜೋಕ್’ ಕುರಿತು ನಮ್ಮ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ತಾವು ಎರಡು ಆಕ್ಷೇಪಗಳನ್ನು ಎತ್ತಿದ್ದೀರಿ: ಈ ಕಾಮಿಕ್ಸ್ ಜೋಕರ್ ಎಂಬ ಕೊಲೆಗಡುಕನ ಮೇಲೆ ಕನಿಕರ ಹುಟ್ಟಿಸುತ್ತದೆ ಎಂಬುದು ಒಂದು, ಅವನ ಗುಂಡೇಟು ತಿನ್ನುವ, ಪೊಲೀಸ್ ಕಮಿಷನರ್‌ರ ಮಗಳು ಬಾರ್ಬರಾ ಗಾರ್ಡನ್‌ಳ ನೋವಿಗೆ ಇದರಲ್ಲಿ ಬೆಲೆಯೇ ಇಲ್ಲ ಎಂಬುದು ಇನ್ನೊಂದು.

ಕನಿಕರ ಹುಟ್ಟುವುದು ನಿಜ. ಜೋಕರ್‌ನ ನೆನಪಿನ ಪ್ರಕಾರ, ಜೋಕರ್ ಆಗುವ ಮುನ್ನ ರಾಸಾಯನಿಕ ಕಾರ್ಖಾನೆಯ ಪ್ರಯೋಗಾಲಯದ ಕೆಲಸ ಬಿಟ್ಟು ಹಾಸ್ಯಗಾರನಾಗಲು ಹೋಗಿ ಸೋತವನು, ಬಸುರಿ ಹೆಂಡತಿಯನ್ನು ಸಾಕಲು ಹಣವಿಲ್ಲದೆ ಕಳ್ಳರಿಗೆ ದಾರಿ ತೋರಿಸಲು ಒಪ್ಪುತ್ತಾನೆ. ಆಕೆ ಅಪಘಾತದಲ್ಲಿ ಸತ್ತ ಸುದ್ದಿ ಬಂದ ಮೇಲೂ ಅವರು ಅವನನ್ನು ಬಿಡುವುದಿಲ್ಲ. ಜೋಕರ್‌ನ ಹಿನ್ನೆಲೆಯನ್ನು ಮೊದಲು ಹೇಳಿದ 1951ರ ಮೂಲಕಥೆಯಲ್ಲಿ ಈ ಬಡತನವಾಗಲಿ ಸಾವಾಗಲಿ ಇರಲಿಲ್ಲ. ಅಲ್ಲಿದ್ದವನು ಹಣದಾಸೆಯ ಕಳ್ಳ, ಅಷ್ಟೆ. ಇವನ್ನು ಸೇರಿಸಿದವರು 1988ರಲ್ಲಿ ಈ ಕೃತಿಯನ್ನು ಬರೆದ ಆಲನ್ ಮೂರ್. ಆದರೆ ತನ್ನ ಭೂತಕಾಲ ತನಗೆ ಒಮ್ಮೆ ಒಂದು ಬಗೆಯಾಗಿ, ಇನ್ನೊಮ್ಮೆ ಬೇರೆ ಬಗೆಯಾಗಿ ನೆನಪಾಗುತ್ತದೆಂದು ಜೋಕರನೇ ಹೇಳುತ್ತಾನೆ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು. ಇದರ ಚಿತ್ರಕಾರ ಬ್ರಯಾನ್ ಬೋಲಂಡ್ ತಮ್ಮ ಚಿತ್ರಗಳಿಗೆ 2008ರಲ್ಲಿ ತಾವೇ ಹೊಸದಾಗಿ ಬಣ್ಣ ಹಾಕಿದಾಗ ಆ ನೆನಪಿನ ಪುಟಗಳನ್ನು ಬಹುಮಟ್ಟಿಗೆ ಬೂದಾಗಿಸಿ, ನಡುನಡುವೆ ಒಂದೊಂದು ವಸ್ತುವನ್ನು ಮಾತ್ರ ಕೆಂಪಾಗಿ ಉಳಿಸಿದರು. ನೋವಿನ ಗುರುತುಗಳಷ್ಟೇ ಉಳಿದು ಮಿಕ್ಕದ್ದೆಲ್ಲ ಅಳಿಸಿಹೋದ ಮನಸ್ಸನ್ನು ಇಷ್ಟು ಚೆನ್ನಾಗಿ ತೋರಿಸಿದ ಪುಟಗಳನ್ನು ನಾನು ಹೆಚ್ಚು ಕಂಡಿಲ್ಲ.

ಒಂದೇ ಒಂದು ಕೆಟ್ಟ ದಿನ ಎಂಥವನನ್ನೂ ಹುಚ್ಚನನ್ನಾಗಿಸಬಲ್ಲದು ಎಂಬುದು ಜೋಕರ್‌ನ ವಾದವೇ ಹೊರತು ಕಥೆಯ ತೀರ್ಪಲ್ಲ. ಅದನ್ನು ಸಾಧಿಸಲೆಂದೇ ಅವನು ಪೊಲೀಸ್ ಕಮಿಷನರ್ ಗಾರ್ಡನ್‌ರನ್ನು ಹಾಳುಬಿದ್ದ ಮನರಂಜನಾ ಉದ್ಯಾನಕ್ಕೆ ಎಳೆದೊಯ್ದು, ಗುಂಡೇಟು ತಿಂದ ಮಗಳ ಚಿತ್ರಗಳನ್ನು ತೋರಿಸಿ ಹಿಂಸಿಸುತ್ತಾನೆ. ಬಿಡುಗಡೆಯಾದೊಡನೆ ಗಾರ್ಡನ್ ಬ್ಯಾಟ್‌ಮ್ಯಾನ್‌ನನ್ನು ಕೇಳುವುದು ಸೇಡನ್ನಲ್ಲ, ಜೋಕರ್‌ನನ್ನು ಕಾನೂನಿನ ಪ್ರಕಾರವೇ ಹಿಡಿದು ತರಬೇಕೆಂದು. ಆ ಬಡ ಹಾಸ್ಯಗಾರನಿಗಾಗಿ ನಮ್ಮ ಕರುಳು ಮೊದಲು ಚುರುಕ್ ಎನ್ನದಿದ್ದರೆ, ಗಾರ್ಡನ್‌ರ ಈ ಮಾತಿನ ತೂಕ ನಮಗೆ ತಿಳಿಯುತ್ತಲೇ ಇರಲಿಲ್ಲ.

ತಮ್ಮ ಎರಡನೆಯ ಆಕ್ಷೇಪವನ್ನು ಮಾತ್ರ ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಬಾರ್ಬರಾಳಿಗೆ ಗುಂಡು ಬೀಳುವುದು ತಂದೆಯ ಮನಸ್ಸನ್ನು ಒಡೆಯುವುದಕ್ಕಾಗಿ. ಆಸ್ಪತ್ರೆಯ ಹಾಸಿಗೆಯಲ್ಲೂ ಆಕೆಯ ಬಾಯಿಗೆ ಸಿಗುವುದು ತಂದೆಯ ಕುರಿತ ಚಿಂತೆಯ ಮಾತುಗಳೇ. ಬ್ಯಾಟ್‌ಮ್ಯಾನ್ ಮತ್ತು ಜೋಕರ್ ಎಂಬ ಇಬ್ಬರು ಗಂಡಸರ ಕದನಕ್ಕೆ ಆಕೆಯನ್ನು ಹೀಗೆ ಸಾಧನವಾಗಿಸಿದ್ದು ಈ ಕೃತಿಯ ದೊಡ್ಡ ಕೊರತೆ. ಮರುವರ್ಷವೇ ಕಾಮಿಕ್ಸ್ ಲೇಖಕರಾದ ಕಿಮ್ ಯೇಲ್ ಮತ್ತು ಜಾನ್ ಆಸ್ಟ್ರಾಂಡರ್ ಆಕೆಯನ್ನು ಗಾಲಿಕುರ್ಚಿಯಲ್ಲಿ ಕುಳಿತೇ ಕಂಪ್ಯೂಟರ್ ಮೂಲಕ ಕೆಲಸ ಮಾಡುವ ‘ಒರಾಕಲ್’ ಆಗಿ ಮರಳಿ ತಂದರು. ತಾವು ಆ ಕಥೆಗಳನ್ನೂ ಓದಬೇಕೆಂದು ಕೋರುತ್ತೇನೆ.

— ಸಂಪಾದಕ