ನಿಮ್ಮ ಲೇಖನ ಶುರುವಾಗುವುದು ನಾಲ್ಕನೇ ಪುಟದಲ್ಲಿ

ನಮಸ್ಕಾರ.

ಅಮೆರಿಕದ ಕೊಲಂಬಸ್‌ನಿಂದ ನೀವು ಕಳಿಸಿದ 'ಮರೆಯಾದ ಟಿಕಿ ಬಾರ್‌ಗಳು' ಲೇಖನವನ್ನು, ಅಂದರೆ ಪೆಸಿಫಿಕ್ ದ್ವೀಪಗಳ ವೇಷ ತೊಟ್ಟ ಅಲ್ಲಿನ ಬಾರ್‌ಗಳ ಕಥೆಯನ್ನು, ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಿರಲೂ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಪಕ್ಕದ ಬೀದಿಯ ಗ್ಯಾರೇಜ್ ಸೇಲ್‌ನಲ್ಲಿ, ಹಳೆಯ ಟೋಸ್ಟರ್ ಮತ್ತು ಕ್ರಿಸ್‌ಮಸ್ ದೀಪದ ಸರಗಳ ನಡುವೆ, ನಿಮಗೆ ಒಂದು ಕಂದು ಪಿಂಗಾಣಿ ಮಗ್ ಸಿಕ್ಕಿತು. ಅದರ ಮೇಲೆ ದೇವರ ಮುಖ, ಮೂಗಿನ ತುದಿ ಚಕ್ಕೆ ಎದ್ದುಹೋಗಿದೆ. ಮಗುಚಿ ನೋಡಿದರೆ ತಳದಲ್ಲಿ 'ಕಹಿಕಿ' ಅಂತ ಹೆಸರು. ಮಾರುತ್ತಿದ್ದ ಅಜ್ಜಿ 'ನಮ್ಮವರು ನನ್ನನ್ನು ಮದುವೆಯಾಗ್ತೀಯಾ ಅಂತ ಕೇಳಿದ್ದು ಅಲ್ಲೇ' ಅಂದರು. ಇಷ್ಟು ಓದುವ ಹೊತ್ತಿಗೆ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದೆ. ಆದರೆ ಇದು ಬರುವುದು ನಾಲ್ಕನೇ ಪುಟದಲ್ಲಿ! ಅದಕ್ಕೆ ಮುಂಚಿನ ಮೂರು ಪುಟದಲ್ಲಿ 'ಕಾಲನ ಹೊಡೆತ', 'ಗತವೈಭವ', 'ನೆನಪುಗಳ ಮೆರವಣಿಗೆ'. ಅಷ್ಟನ್ನೂ ತೆಗೆಯಿರಿ. ಮಗ್‌ನಿಂದ ಶುರು ಮಾಡಿ.

ಕಾಲ ಆ ಬಾರನ್ನು ಕೆಡವಲಿಲ್ಲ, ಅಲ್ವಾ? ನಿಮ್ಮದೇ ಊರಿನ ಕಹಿಕಿ 1961ರಲ್ಲಿ ಬಾಗಿಲು ತೆರೆಯಿತು. ದೋಣಿಯನ್ನು ಬೋರಲು ಹಾಕಿದಂಥ ಎತ್ತರದ ಚಾವಣಿ, ಬಾಗಿಲಲ್ಲಿ ತಲೆಯ ಮೇಲೆ ಬೆಂಕಿ ಹೊತ್ತ ಎರಡು ಮೊಆಯಿ (ದೊಡ್ಡ ಮುಖದ ವಿಗ್ರಹ), ಒಳಗೆ ಬಾಯಲ್ಲೇ ಉರಿ ಕಾಣುವ ಇನ್ನೊಂದು ದೊಡ್ಡ ಮೊಆಯಿ, ಕಿಟಕಿಯ ಆಚೆ ಗುಡುಗಿನ ಸದ್ದಿನ ಜೊತೆ ಸುರಿಯುವ ಸುಳ್ಳು ಮಳೆ. ಜಾಗಟೆ ಬಾರಿಸಿದರೆ ಒಬ್ಬ ಹುಡುಗಿ ಹೊಗೆಯಾಡುವ ಬಟ್ಟಲು ಹಿಡಿದು ಬರುತ್ತಿದ್ದಳು. 1997ರಲ್ಲಿ ಕಟ್ಟಡ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. ಮೂರೇ ವರ್ಷಕ್ಕೆ, 2000ದಲ್ಲಿ, ನೆಲಸಮವಾಗಿ ಆ ಜಾಗದಲ್ಲಿ ವಾಲ್‌ಗ್ರೀನ್ಸ್ ಔಷಧಿ ಅಂಗಡಿ ಬಂತು. 'ಸರ್ಕಾರ ಕೈಕಟ್ಟಿ ಕೂತಿತು' ಅಂತ ಬೈದಿದ್ದೀರಿ. ಆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲೀಕ ಸ್ವಂತ ದುಡ್ಡಿನಲ್ಲಿ ತನ್ನ ಕಟ್ಟಡ ಕೆಡವುವುದನ್ನು ತಡೆಯಲು ಆಗುವುದಿಲ್ಲ. ಇದನ್ನು ಎರಡು ಸಾಲಿನಲ್ಲಿ ಹೇಳಿ, ಓದುಗರಿಗೆ ತಾನಾಗಿಯೇ ಹೊಟ್ಟೆ ಉರಿಯುತ್ತದೆ. ಹೋಟೆಲ್ ಹೋದರೂ ಕಹಿಕಿ ಅನ್ನುವ ಹೆಸರು ಸೂಪರ್‌ಮಾರ್ಕೆಟ್ಟಿನ ಫ್ರೀಜರ್‌ನಲ್ಲಿ, ಎಗ್ ರೋಲ್ ಡಬ್ಬಿಯ ಮೇಲೆ ಉಳಿದುಕೊಂಡಿತು. ಇದನ್ನು ಅಡಿಟಿಪ್ಪಣಿಗೆ ತಳ್ಳಿದ್ದೀರಿ. ಯಾಕೆ? ದಯವಿಟ್ಟು ಮೇಲೆ ತನ್ನಿ.

ಇನ್ನೊಂದು ದೊಡ್ಡ ತಪ್ಪು ಇದೆ. ಅಲ್ಲಿದ್ದ ಪ್ರತಿ ವಸ್ತುವನ್ನೂ 'ಹವಾಯಿ ಸಂಸ್ಕೃತಿ' ಅಂದುಬಿಟ್ಟಿದ್ದೀರಿ. ಮೊಆಯಿ ರಾಪಾ ನುಯಿ (ಈಸ್ಟರ್) ದ್ವೀಪದ್ದು. ಟಿಕಿ ಅನ್ನುವುದು ನ್ಯೂಜಿಲೆಂಡಿನ ಮಾವೊರಿ ಜನರ ಕಥೆಗಳಲ್ಲಿ ಮೊದಲ ಮನುಷ್ಯನ ಹೆಸರು. ಚಾವಣಿಯಿಂದ ಬಲೆಯಲ್ಲಿ ತೂಗುಬಿಡುತ್ತಿದ್ದ ಗಾಜಿನ ಗುಂಡುಗಳು ಜಪಾನಿನ ಬೆಸ್ತರದ್ದು. ಊಟ ಜಾಸ್ತಿ ಕ್ಯಾಂಟನೀಸ್, ರಮ್ ಕೆರಿಬಿಯನ್ ದ್ವೀಪಗಳದ್ದು. ಇಷ್ಟನ್ನೂ ಸೇರಿಸಿ ಮೊದಲು ಬಾರ್ ಮಾಡಿದ್ದು ಹಾಲಿವುಡ್‌ನಲ್ಲಿ, ಅರ್ನೆಸ್ಟ್ ಗ್ಯಾಂಟ್ ಅನ್ನುವವನು, 1930ರ ದಶಕದಲ್ಲಿ. ಆಮೇಲೆ ತನ್ನ ಹೆಸರನ್ನೇ ಡಾನ್ ಬೀಚ್ ಅಂತ ಬದಲಿಸಿಕೊಂಡ. ಬೇರೆಯವರ ದೇವರನ್ನು ಕುಡಿಯುವ ಮಗ್ ಮಾಡಿದ್ದು ಸರಿಯಾ ಅನ್ನುವ ಪ್ರಶ್ನೆಯನ್ನು ನೀವು ಮುಟ್ಟಿಯೇ ಇಲ್ಲ. ತೀರ್ಪು ಕೊಡಿ ಅನ್ನುತ್ತಿಲ್ಲ. ಆದರೆ ಮಗ್ ಕೈಯಲ್ಲಿ ಹಿಡಿದವರು ನೀವು, ಆ ಮುಖ ಯಾರದು ಅಂತ ನಿಮಗೆ ಒಂದು ಕ್ಷಣವೂ ಅನ್ನಿಸಲಿಲ್ಲವಾ? ಅನ್ನಿಸಿದ್ದರೆ ಬರೆಯಿರಿ.

ಮನುಷ್ಯರು ಸಾಲದು. ಬಿದಿರು, ಹುಲ್ಲು, ಉಬ್ಬಿಸಿ ಒಣಗಿಸಿದ ಮುಳ್ಳುಮೀನಿನ ಹೊಟ್ಟೆಯೊಳಗೆ ಬಲ್ಬ್ ಇಟ್ಟ ದೀಪ (ಇದನ್ನು ಚೆನ್ನಾಗಿ ಬರೆದಿದ್ದೀರಿ, ಮುಳ್ಳಿನ ನೆರಳು ಗೋಡೆಯ ಮೇಲೆ ಬೀಳುವ ಸಾಲನ್ನು ಮುಟ್ಟಬೇಡಿ) ಎಲ್ಲಾ ಇದೆ. ಆದರೆ ಕೆತ್ತಿದವರು ಯಾರು, ಗ್ಲಾಸಿಗೆ ಸುರಿದವರು ಯಾರು? ಕ್ಯಾಲಿಫೋರ್ನಿಯಾದ ವಿಟಿಯರ್‌ನಲ್ಲಿ ಓಷಿಯಾನಿಕ್ ಆರ್ಟ್ಸ್ ಅಂತ ಒಂದು ಅಂಗಡಿ ಇತ್ತು. 1956ರಲ್ಲಿ ಲೆರಾಯ್ ಶ್ಮಾಲ್ಟ್ಸ್ ಮತ್ತು ಬಾಬ್ ವ್ಯಾನ್ ಊಸ್ಟಿಂಗ್ ಶುರು ಮಾಡಿದ್ದು, ಎಷ್ಟೋ ಬಾರ್‌ಗಳ ಕಂಬ, ವಿಗ್ರಹ ಅಲ್ಲಿಂದಲೇ ಹೋದವು, 2021ರಲ್ಲಿ ಮುಚ್ಚಿತು. ಡಾನ್ ಬೀಚ್ ತನ್ನ ಬಾಟಲಿಗಳ ಮೇಲೆ ಗುಟ್ಟಿನ ಹೆಸರು, ನಂಬರು ಮಾತ್ರ ಬರೆಸುತ್ತಿದ್ದ. ಬೆರೆಸುವವನಿಗೂ ಒಳಗೇನಿದೆ ಗೊತ್ತಿರುತ್ತಿರಲಿಲ್ಲ. ಅವನ 'ಜಾಂಬಿ' ಪಾನೀಯದ ಪಾಕ ಹುಡುಕಲು ಟಿಕಿ ಪಾನೀಯಗಳ ಇತಿಹಾಸ ಬರೆದ ಜೆಫ್ ಬೆರಿ ವರ್ಷಗಟ್ಟಲೆ ಅಲೆದ, ಕೊನೆಗೆ ದಾರಿ ತೋರಿಸಿದ್ದು ಹಳೆಯ ಕೆಲಸಗಾರನೊಬ್ಬನ ನೋಟ್‌ಬುಕ್. ಕಳೆದುಹೋದದ್ದು ಅಲಂಕಾರ ಮಾತ್ರ ಅಲ್ಲ, ಕೈಗಳ ಲೆಕ್ಕವೂ ಹೋಗಿದೆ. ನಿಮ್ಮ ಲೇಖನಕ್ಕೆ ಬೇಕಾಗಿರುವುದು ಇದೇ.

ಶೀರ್ಷಿಕೆಯೂ ಬದಲಾಗಬೇಕು. ಎಲ್ಲವೂ ಮರೆಯಾಗಿಲ್ಲ. ಡಾನ್ ಬೀಚ್ ಹತ್ತಿರ ದುಡಿದ ಫಿಲಿಪಿನೋ ಬಾರ್ಟೆಂಡರ್ ರೇ ಬುಹೆನ್ 1961ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ತೆರೆದ 'ಟಿಕಿ-ಟಿ' ಬಾರ್ ಅವನ ಮಗ, ಮೊಮ್ಮಕ್ಕಳ ಕೈಗೆ ಬಂತು. ಫ್ಲಾರಿಡಾದ 'ಮೈ-ಕೈ' ಅನ್ನುವ ಟಿಕಿ ಹೋಟೆಲ್ 1956ರದ್ದು. 2020ರ ಮಳೆಗೆ ಅಡುಗೆಮನೆಯ ಚಾವಣಿ ಕುಸಿದು ಮುಚ್ಚಿತ್ತು. ರಿಪೇರಿಯಾಗಿ 2024ರಲ್ಲಿ ಮತ್ತೆ ತೆರೆಯಿತು. ಒಂದು ಉಳಿದದ್ದು ಹೇಗೆ, ಇನ್ನೊಂದು ಹೋದದ್ದು ಹೇಗೆ ಅಂತ ಕಹಿಕಿಯ ಪಕ್ಕದಲ್ಲಿಟ್ಟು ನೋಡಿ.

ಮೆಜೆಸ್ಟಿಕ್‌ನ ಕಪಾಲಿ ಟಾಕೀಸಿಗೆ ಹೋಲಿಸಿರುವ ಪ್ಯಾರಾ ಬೇಡ. ನಮ್ಮ ಓದುಗರಿಗೆ ಹತ್ತಿರವಾಗಲಿ ಅಂತ ಹಾಕಿದ್ದೀರಿ, ಗೊತ್ತಾಗುತ್ತದೆ. ಮಗ್ ಸಾಕು, ಅವರು ಕೊಲಂಬಸ್‌ವರೆಗೆ ಬರುತ್ತಾರೆ.

ಒಂದು ತಿಂಗಳು ತೆಗೆದುಕೊಳ್ಳಿ. ಸಾಧ್ಯವಾದರೆ ಆ ಅಜ್ಜಿಯನ್ನು ಮತ್ತೊಮ್ಮೆ ಕಂಡು, ಅವತ್ತು ಯಾವ ಮೂಲೆಯ ಮೇಜಲ್ಲಿ ಕೂತಿದ್ದರು, ಮಗ್ ಮನೆಗೆ ಹೇಗೆ ಬಂತು ಅಂತ ಕೇಳಿ. ಅವರ ಒಪ್ಪಿಗೆ ಇಲ್ಲದೆ ಹೆಸರು ಹಾಕಬೇಡಿ. ಬರುವಾಗ ಮಗ್‌ನ ತಳದ ಫೋಟೊ ಕೂಡ ಕಳಿಸಿ.