ಮಾತ್ರೆ ಜಾಸ್ತಿ ಮಾಡಿದ ಮೇಲೆ ತಮ್ಮನಿಗೆ ಕೂರಲು ಆಗುತ್ತಿಲ್ಲ

ನಿಮ್ಮ ತಮ್ಮನಿಗೆ ಆಗಿರುವುದು ಅಕಥೀಸಿಯಾ ಇರಬಹುದು, ಅಂದರೆ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವಂಥ ಮಾನಸಿಕ ಕಾಯಿಲೆ) ಮಾತ್ರೆಯ ಅಡ್ಡಪರಿಣಾಮವಾಗಿ ಬರುವ, ಕೂರಲು ಬಿಡದ ಚಡಪಡಿಕೆ. ಡೋಸ್ ಏರಿಸಿದ ವಾರದಲ್ಲೇ ಶುರುವಾಗಿದೆ ಅಂದಿದ್ದೀರಲ್ಲ, ಅದಕ್ಕೇ ಈ ಅನುಮಾನ. ನೋಡದೆ ಖಚಿತವಾಗಿ ಹೇಳಲಾಗುವುದಿಲ್ಲ. ನನ್ನ ಅಕ್ಕ ಹಲ್ಲುಜ್ಜುವಾಗಲೂ ಕಾಲು ಬದಲಿಸುತ್ತಾ ನಿಲ್ಲುತ್ತಿದ್ದಳು. ನಾವು ಕಾಯಿಲೆಯೇ ಜಾಸ್ತಿಯಾಯ್ತು ಅಂದುಕೊಂಡಿದ್ದೆವು!

ಮೊದಲು ತಮ್ಮನನ್ನೇ ಕೇಳಿ: ಓಡಾಡಿಸುತ್ತಿರುವುದು ಕಿವಿಯಲ್ಲಿ ಕೇಳುವ ದನಿಯಾ, ಕಾಲಿನ ಚಡಪಡಿಕೆಯಾ? ಡೋಸ್ ಬದಲಾದ ದಿನ, ಚಡಪಡಿಕೆ ಶುರುವಾದ ದಿನ ಎರಡನ್ನೂ ಬರೆದಿಟ್ಟು ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ಅವರು ಡೋಸ್ ಇಳಿಸಬಹುದು, ಮಾತ್ರೆ ಬದಲಿಸಬಹುದು, ಚಡಪಡಿಕೆ ತಗ್ಗಿಸಲು ಪ್ರೊಪ್ರಾನೊಲಾಲ್ ಎಂಬ ಮಾತ್ರೆ ಸೇರಿಸಬಹುದು. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಕಾಯಿಲೆ ಮರಳುವ ಅಪಾಯ ದೊಡ್ಡದು.

ಸಾಯುವ ಮಾತಾಡಿದರೆ ಫೋನಿಗೆ ಕಾಯಬೇಡಿ. ಒಂಟಿಯಾಗಿ ಬಿಡದೆ ನೇರ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ.